ತಲಬಾಗಿಲಿನ ಅರ್ಜಿ

ಭಾನುವಾರ ಬೆಳಿಗ್ಗೆ ಬಾಗಲಕೋಟೆಯ ನವನಗರದ ನಮ್ಮ ಪಡಸಾಲೆಯಲ್ಲಿ ಎಂಟ್ಹತ್ತು ಮಕ್ಕಳು ಸೇರುತ್ತಾರೆ. ಹೆಸರಿಗೆ ಬರವಣಿಗೆಯ ತರಗತಿ. ಅರ್ಧ ಜನ ಬರುವುದು ನನ್ನ ಹೆಂಡತಿ ಮಾಡುವ ಸೂಸಲಕ್ಕೆ. ಸಾಹಿತ್ಯ ಪ್ರಕಾರಗಳು ಯಾವುವು ಎಂದು ಕೇಳಿದರೆ ಸಾಕು, ಕಾವ್ಯ, ಕಥೆ, ಕಾದಂಬರಿ, ನಾಟಕ, ಪ್ರಬಂಧ ಎಂದು ಮಗ್ಗಿಯಂತೆ ಒಪ್ಪಿಸುತ್ತಾರೆ. ಸರಿ, ಯಾವುದಾದರೂ ಒಂದನ್ನು ಬರೆಯಿರಿ ಎಂದರೆ ಎಲ್ಲರೂ ಪೆನ್ನಿನ ಮುಚ್ಚಳ ಕಚ್ಚತೊಡಗುತ್ತಾರೆ.

ಅದಕ್ಕೆ ಬುದ್ಧಿಮಂಥನ ಮಾಡಿಸೋಣ ಎಂದುಕೊಂಡೆ. ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬಾರ್ನ್ ಎಂಬಾತ 1953ರ ತನ್ನ ಪುಸ್ತಕದಲ್ಲಿ ಇದರ ಕಟ್ಟಳೆಗಳನ್ನು ಬರೆದಿಟ್ಟಿದ್ದಾನೆ. ತೋಚಿದ್ದನ್ನೆಲ್ಲ ಹೇಳಬೇಕು, ಹುಚ್ಚುಚ್ಚಾದರೂ ಸರಿ, ಒಬ್ಬರ ಮಾತಿಗೆ ಇನ್ನೊಬ್ಬರು ಕೊಂಡಿ ಹಾಕಬೇಕು, ಮಧ್ಯೆ ಯಾರೂ ತಪ್ಪು ತೆಗೆಯಬಾರದು. ಕಷ್ಟವಿರುವುದೇ ಈ ಕೊನೆಯದರಲ್ಲಿ. ನಮ್ಮೂರಿನ ಕಟ್ಟೆಯ ಮೇಲೆ ಎದುರಿನವನ ಮಾತಿಗೆ ‘ಅಲ್ಲ’ ಎನ್ನದೆ ಹತ್ತು ನಿಮಿಷ ಕುಳಿತವನನ್ನು ನಾನಂತೂ ಕಂಡಿಲ್ಲ, ನಾನೂ ಕುಳಿತವನಲ್ಲ. ಆದರೆ ಬೆಣ್ಣೆ ಬಂತೇ ಎಂದು ಗಳಿಗೆಗೊಮ್ಮೆ ಕಡೆಗೋಲು ಎತ್ತಿ ನೋಡುವವರ ಮನೆಯಲ್ಲಿ ಬೆಣ್ಣೆ ತೇಲುವುದಿಲ್ಲ. ‘ಮಂಥನ’ ಎಂದು ಹೆಸರಿಟ್ಟವರು ಮಜ್ಜಿಗೆ ಕಡೆದವರೇ ಇರಬೇಕು.

ಹಲಗೆಯ ಮೇಲೆ ‘ಮುಳುಗಡೆ’ ಎಂದು ಬರೆದು ಸುತ್ತ ಒಂದು ಗೆರೆ ಎಳೆದೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನಿಂದ ಘಟಪ್ರಭೆಯ ದಂಡೆಯ ಹಳೆಯ ಊರಿನ ತಗ್ಗಿನ ಭಾಗವೆಲ್ಲ ಹಿನ್ನೀರಿನ ಪಾಲಾದದ್ದನ್ನು ಈ ಮಕ್ಕಳು ಕಂಡಿಲ್ಲ. ಇವರು ಮುಳುಗಿದವರಿಗಾಗಿ ಕಟ್ಟಿದ ಈ ನವನಗರದ ಸೆಕ್ಟರ್ ನಂಬರಿನಲ್ಲಿ ಹುಟ್ಟಿದವರು. ಆದರೂ ಪದಗಳು ಬಿದ್ದವು. ಪರಿಹಾರ, ಹಿನ್ನೀರು, ಕೋರ್ಟು, ಮೀನು. ಒಬ್ಬ ‘519.60’ ಎಂದ. ಜಲಾಶಯದ ನೀರಿನ ಮಟ್ಟ, ಮೀಟರುಗಳಲ್ಲಿ! ಬೇರೆ ಊರಿನ ಮಕ್ಕಳಿಗೆ ಕ್ರಿಕೆಟ್ ಸ್ಕೋರು ಬಾಯಿಗೆ ಬರುವಂತೆ ನಮ್ಮವರಿಗೆ ಇದು ಬರುತ್ತದೆ. ಬಾಗಿಲ ಬಳಿ ಕುಳಿತಿದ್ದ, ಎಂದೂ ಬಾಯಿ ಬಿಡದ ಹುಡುಗಿ ಮೆಲ್ಲಗೆ ‘ತಲಬಾಗಿಲು’ ಎಂದಳು. ಪಕ್ಕದವನು ‘ಅಲ್ಲ...’ ಎಂದು ಶುರುಮಾಡಿ, ಕಟ್ಟಳೆ ನೆನಪಾಗಿ, ನಾಲಿಗೆ ಕಚ್ಚಿಕೊಂಡ.

ಈಗ ಪ್ರಕಾರ ಆರಿಸಿಕೊಳ್ಳುವ ಸರದಿ. ಒಬ್ಬ ಜಾಣ ತ್ರಿಪದಿಗೇ ಕೈ ಹಾಕಿದ. ತಪ್ಪು ನನ್ನದೇ. ಹಿಂದಿನ ವಾರವಷ್ಟೇ ಬಾದಾಮಿಯ ಬಂಡೆಯ ಮೇಲಿರುವ, ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನ ಓದಿಸಿದ್ದೆ. ಅದರಲ್ಲಿ ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದು ಶುರುವಾಗುವ ತ್ರಿಪದಿಯ ಮೂರೇ ಸಾಲಿನಲ್ಲಿ ಒಬ್ಬ ಮನುಷ್ಯನ ಸ್ವಭಾವವೆಲ್ಲ ಮುಗಿದುಹೋಗುತ್ತದೆ. “ಅಷ್ಟು ದೊಡ್ಡ ವೀರನಿಗೇ ಮೂರು ಸಾಲು ಸಾಕಾದರೆ ನನಗೇಕೆ ಎರಡು ಪುಟ, ಸರ್?” ಎಂದು ಅವನ ವಾದ. ಕಲ್ಲಿನಲ್ಲಿ ಕೆತ್ತಬೇಕಾದರೆ ನೀನೂ ಮೂರೇ ಸಾಲು ಬರೆ ಎಂದೆ.

ಹುಡುಗಿ ಬರೆದು ತಂದದ್ದು ಕಥೆಯಲ್ಲ, ಕವಿತೆಯಲ್ಲ, ಅರ್ಜಿ. ಯಾವ ಪಠ್ಯಪುಸ್ತಕದ ಪಟ್ಟಿಯಲ್ಲೂ ಅರ್ಜಿಗೆ ಜಾಗವಿಲ್ಲ. ಆದರೆ ಮುಳುಗಡೆಯ ಊರುಗಳಲ್ಲಿ ಕಾದಂಬರಿ ಓದದ ಮನೆ ಸಿಕ್ಕೀತು, ಅರ್ಜಿ ಬರೆಯದ ಮನೆ ಸಿಗಲಿಕ್ಕಿಲ್ಲ. ಅದಕ್ಕೂ ವಚನಕ್ಕೆ ಅಂಕಿತವಿದ್ದಂತೆ ಗೊತ್ತಾದ ಆದಿ ಅಂತ್ಯಗಳಿವೆ. ‘ಮಾನ್ಯರೇ’ ಇಂದ ಹೊರಟು ‘ತಮ್ಮ ವಿಶ್ವಾಸಿ’ಯಲ್ಲಿ ನಿಲ್ಲಬೇಕು.

ಅವಳ ‘ವಿಷಯ’ ಹೀಗಿತ್ತು: ‘ನಮ್ಮ ಅಜ್ಜಿಯ ತಲಬಾಗಿಲಿಗೆ ಹೊಂದುವ ಮನೆಯನ್ನು ಮಂಜೂರು ಮಾಡುವ ಕುರಿತು.’ ಹಳೆಯ ಮನೆ ಬಿಡುವಾಗ ಅಜ್ಜಿ ತೇಗದ ತಲಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ಟ್ರ್ಯಾಕ್ಟರಿನಲ್ಲಿ ತರಿಸಿದ್ದಳಂತೆ. ಹೊಸ ಮನೆಯ ಗೋಡೆಗೆ ಅದು ಒಂದೂವರೆ ಗೇಣು ಹೆಚ್ಚಾಯಿತು. ಅಂದಿನಿಂದ ಹಿತ್ತಲಿನಲ್ಲಿ ಒರಗಿಕೊಂಡಿದೆ. ಹಬ್ಬ ಬಂದರೆ ಅಜ್ಜಿ ಮೊದಲು ಅದಕ್ಕೆ ಮಾವಿನ ತೋರಣ ಕಟ್ಟಿ, ಆಮೇಲೆ ಮುಂಬಾಗಿಲಿಗೆ ಬರುತ್ತಾಳೆ. ಉಳಿದ ದಿನ ಅದರ ಅಗುಳಿಗೆ ಆಡಿನ ಹಗ್ಗ.

ಕೊನೆಯಲ್ಲಿ ‘ಲಗತ್ತು: ಬಾಗಿಲು 1, ಅಗುಳಿ ಸಹಿತ’ ಎಂದಿತ್ತು. ಅದರ ಕೆಳಗೆ ‘ತಮ್ಮ ವಿಶ್ವಾಸಿ’ ಎಂದು ಬರೆದು ಜಾಗ ಖಾಲಿ ಬಿಟ್ಟಿದ್ದಳು. ಸಹಿ ಏಕೆ ಹಾಕಿಲ್ಲ ಎಂದು ಕೇಳಿದೆ.

“ಮನೆಗೆ ಹೋಗಿ ಅಜ್ಜಿಯ ಹೆಬ್ಬೆಟ್ಟು ಒತ್ತಿಸಬೇಕು, ಸರ್,” ಎಂದಳು. “ಬಾಗಿಲು ಅವಳದು.”