ನೂರಮೂವತ್ತು ವರ್ಷದ ಕಡತ ವಿಲೇವಾರಿ

ನಮ್ಮ ತಾಲೂಕು ಕಚೇರಿಗಳನ್ನು ಇನ್ನು ಯಾರೂ ಆಡಿಕೊಳ್ಳಬೇಡಿ. 1895ರಲ್ಲಿ ಬ್ರಿಟಿಷ್ ಮ್ಯೂಸಿಯಂ ವಾಚನಾಲಯದವರು ಕಿತ್ತುಕೊಂಡ ಓದುಗರ ಕಾರ್ಡನ್ನು ಅದರ ಇಂದಿನ ವಾರಸುದಾರ ಬ್ರಿಟಿಷ್ ಲೈಬ್ರರಿಯವರು ನಾಟಕಕಾರ ಆಸ್ಕರ್ ವೈಲ್ಡ್‌ಗೆ ಮರಳಿಸಿದ್ದು 2025ರಲ್ಲಿ. ಅರ್ಜಿದಾರ ತೀರಿಕೊಂಡಿದ್ದು 1900ರಲ್ಲಿ ಎಂಬುದೊಂದೇ ಸಣ್ಣ ತೊಡಕು.

ರದ್ದತಿಯ ಕತೆ ಇನ್ನೂ ಸೊಗಸು. 1895ರ ಜೂನ್ 15ರಂದು ವೈಲ್ಡ್ ಲಂಡನ್ನಿನ ಪೆಂಟನ್‌ವಿಲ್ ಜೈಲಿನಲ್ಲಿದ್ದ. ಎರಡು ವರ್ಷದ ಕಠಿಣ ಸಜೆ. ಗೋಡೆ ಹಾರಿ ಬಂದು ಗ್ರೀಕ್ ಕಾವ್ಯ ಓದಿಬಿಟ್ಟರೆ ಸಾಮ್ರಾಜ್ಯದ ಗತಿಯೇನು? ಮ್ಯೂಸಿಯಂ ಟ್ರಸ್ಟಿಗಳು ಮುಂಜಾಗ್ರತೆ ವಹಿಸಿದರು.

ಮಾಡಿದ ಅಪರಾಧವೆಂದರೆ ಗಂಡಸಾಗಿ ಗಂಡಸರನ್ನು ಬಯಸಿದ್ದು. ಪ್ರಿಯಕರ ಆಲ್ಫ್ರೆಡ್ ಡಗ್ಲಸ್ ಶ್ರೀಮಂತ ಮನೆತನದ ಹುಡುಗ. ಅವನಪ್ಪ ಕ್ವೀನ್ಸ್‌ಬೆರಿ ಪ್ರಭು, ಬಾಕ್ಸಿಂಗ್ ನಿಯಮಗಳಿಗೆ ಹೆಸರು ಕೊಟ್ಟ ಮಹಾಶಯ. ವೈಲ್ಡ್ ಸದಸ್ಯನಾಗಿದ್ದ ಕ್ಲಬ್ಬಿಗೆ ಹೋಗಿ ಬೈಗುಳ ಬರೆದ ಚೀಟಿ ಬಿಟ್ಟುಬಂದ, ಅದೂ ಕಾಗುಣಿತ ತಪ್ಪಿ. ವೈಲ್ಡ್ ಮಾನನಷ್ಟ ಮೊಕದ್ದಮೆ ಹೂಡಿ ತಾನೇ ಸಿಕ್ಕಿಬಿದ್ದ. ಶಿಕ್ಷೆಗೆ ಬಳಸಿದ್ದು 1885ರ ಕಾಯ್ದೆಯ ಒಂದು ಕಲಮು. ಆ ಕಾಯ್ದೆ ಹುಟ್ಟಿದ್ದು ಎಳೆಯ ಹುಡುಗಿಯರನ್ನು ಕಾಪಾಡಲು. ಗಂಡಸರ ಪ್ರೇಮ ಕೊನೆಗಳಿಗೆಯಲ್ಲಿ ಅದರೊಳಗೆ ತೂರಿಕೊಂಡಿತ್ತು.

ಆಗ ಲಂಡನ್ನಿನ ಎರಡು ರಂಗಮಂದಿರಗಳಲ್ಲಿ ಅವನ ನಾಟಕಗಳು ನಡೆಯುತ್ತಿದ್ದವು. ಬಂಧನವಾಯಿತು, ನಾಟಕ ಕೂಡಲೇ ನಿಂತಿತೇ? ಛೆ, ಭಿತ್ತಿಪತ್ರದಿಂದ ಹೆಸರು ಮಾತ್ರ ಮಾಯ. ಪಾಪಿಯ ಮಾತಿಗೆ ನಗಬಹುದು, ಟಿಕೆಟ್ಟಿನ ದುಡ್ಡು ಎಣಿಸಬಹುದು, ಬರೆದವನಾರೆಂದು ಮಾತ್ರ ಕೇಳಬಾರದು. ಮಡಿಯೆಂದರೆ ಇದು!

ಅವನ ಹೆಂಡತಿ ಕಾನ್‌ಸ್ಟನ್ಸ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ದೇಶ ಬಿಟ್ಟು, ‘ಹಾಲೆಂಡ್’ ಎಂದು ಹೆಸರು ಬದಲಿಸಿಕೊಂಡಳು. ಹಾಗಾಗಿ ವೈಲ್ಡ್ ಹೆಸರಿನ ಕಾರ್ಡನ್ನು ಪಡೆಯಲು ಬಂದ ಮೊಮ್ಮಗನ ಹೆಸರು ಮರ್ಲಿನ್ ಹಾಲೆಂಡ್. ನಮ್ಮಲ್ಲಾಗಿದ್ದರೆ ಗುಮಾಸ್ತ ವಂಶವೃಕ್ಷದ ಪ್ರಮಾಣಪತ್ರ ಕೇಳದೆ ಬಿಡುತ್ತಿರಲಿಲ್ಲ.

ನಾವು ನಗುವ ಹಾಗೂ ಇಲ್ಲ ಬಿಡಿ. ಇಂಗ್ಲೆಂಡ್ ತನ್ನ ನಿಷೇಧವನ್ನು 1967ರಲ್ಲೇ ಸಡಿಲಿಸಿತು. ಅದೇ ಇಂಗ್ಲಿಷರು ಬರೆದುಕೊಟ್ಟ 377ನೇ ಕಲಮನ್ನು ನಾವು ‘ಭಾರತೀಯ ಸಂಸ್ಕೃತಿ’ ಎಂದು 2018ರವರೆಗೆ ಎದೆಗವಚಿಕೊಂಡಿದ್ದೆವು.

2017ರಲ್ಲಿ ಬ್ರಿಟನ್ ಸರ್ಕಾರ ವೈಲ್ಡ್‌ನಂಥ ಸಾವಿರಾರು ಗಂಡಸರಿಗೆ ಕ್ಷಮಾದಾನವನ್ನೂ ಕೊಟ್ಟಿತು. ಜೈಲಿಗೆ ಹಾಕಿದವರೇ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು. ಸತ್ತವರಿಗೆ ಅದು ತಾನಾಗಿಯೇ ಸಿಕ್ಕಿತು. ಶಿಕ್ಷೆ ಅನುಭವಿಸಿಯೂ ಇನ್ನೂ ಬದುಕಿರುವ ಮುದುಕರು ಮಾತ್ರ ಗೃಹ ಇಲಾಖೆಗೆ ಅರ್ಜಿ ಹಾಕಿಕೊಳ್ಳಬೇಕು.