ಇಂಬಳ ಟೀಚರ್

ಟೀಚರ್ ಕೆಲಸಕ್ಕೆ ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗ್ ದಿನ ಖಾಲಿ ಜಾಗಗಳ ಪಟ್ಟಿಯಲ್ಲಿ ತೀರ್ಥಹಳ್ಳಿ–ಆಗುಂಬೆ ದಾರಿಯ ಒಂದು ಹೈಸ್ಕೂಲು ಕಂಡಿತು. ನಾನು ಓದಿದ ಶಾಲೆ. ಹಿಂದೆ ಮುಂದೆ ನೋಡದೆ ಅದನ್ನೇ ಆರಿಸಿದೆ. ಗೊತ್ತಿರುವ ಊರು, ಇನ್ನೇನು ಬೇಕು ಅಂದುಕೊಂಡೆ. ಊರಿಗೂ ನಾನು ಗೊತ್ತು ಅನ್ನೋದು ಆಗ ಹೊಳೆಯಲೇ ಇಲ್ಲ.

ನನಗೆ ಗಣಿತ ಕಲಿಸಿದ ಮೇಷ್ಟ್ರೇ ಈಗ ಎಚ್‌ಎಂ. ಮೊದಲ ದಿನ "ಬಾರೇ... ಬನ್ನಿ, ಬನ್ನಿ ಟೀಚರ್" ಅಂದರು. ಆಮೇಲೂ ಹಾಗೇ. "ಏನೇ, ಹಾಜರಿ ಪುಸ್ತಕ ತುಂಬಿಲ್ವಾ... ತುಂಬಿಬಿಡಿ ಟೀಚರ್." ಸಿಟ್ಟು ಬಂದಾಗ ಏಕವಚನ, ನೆನಪಾದಾಗ ಬಹುವಚನ. ನನಗಂತೂ ಏಕವಚನವೇ ವಾಸಿ. "ಬನ್ನಿ" ಅಂದರೆ ಹಿಂದೆ ಯಾರು ಬಂದರು ಅಂತ ತಿರುಗಿ ನೋಡುತ್ತಿದ್ದೆ.

ಸ್ಟಾಫ್ ರೂಮಿನದು ಇನ್ನೂ ಕಷ್ಟ. ನಮ್ಮ ಕಾಲದಲ್ಲಿ ಅದರೊಳಗೆ ಹೋಗುತ್ತಿದ್ದುದು ನೋಟ್‌ಬುಕ್ಕಿನ ಕಟ್ಟು ಹೊತ್ತುಕೊಂಡು, ಇಲ್ಲವೇ ಬೈಸಿಕೊಳ್ಳೋಕೆ. ಕಾಲಿಗೆ ಅದೇ ಅಭ್ಯಾಸ. ಮೊದಲ ವಾರ ಪೂರ್ತಿ ಹೊಸ್ತಿಲಲ್ಲಿ ನಿಂತು "ಮೇ ಐ ಕಮಿನ್ ಸಾರ್" ಅಂದಿದ್ದೇನೆ. ಒಂದು ದಿನ ಒಳಗಿಂದ ಉತ್ತರವೇ ಬರಲಿಲ್ಲ. ಹಾಗಾಗಿ ಹೊರಗೇ ನಿಂತಿದ್ದೆ. ಬಿಸಿಯೂಟದ ಅಕ್ಕ ಬಂದು, "ಎಂತ ಟೀಚರ್, ಹೊರಗೆ ನಿಲ್ಸಿದಾರಾ?" ಅಂದರು. ಒಳಗೆ ಯಾರೂ ಇರಲಿಲ್ಲ.

ಗಣಿತದವರು ರಜೆ ಹಾಕಿದ ದಿನ ಎಚ್‌ಎಂ ನನ್ನ ಕಡೆ ತಿರುಗಿ, "ಈ ಪಿರಿಯಡ್ ನೀವೇ ಒಂಚೂರು ಗಣಿತ..." ಅಂತ ಶುರು ಮಾಡಿದರು. ನನ್ನ ಮುಖ ನೋಡಿದರು. "ಬೇಡ, ಆಟಕ್ಕೆ ಬಿಡಿ" ಅಂದರು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ 100ಕ್ಕೆ 38. ಪಾಸಿಗೆ 35 ಸಾಕಿತ್ತು. ಮೇಲಿನ ಆ ಮೂರು ಎಲ್ಲಿಂದ ಬಂತು ಅಂತ ಅವರಿಗೆ ಇವತ್ತಿಗೂ ಅನುಮಾನ.

ಜುಲೈ ಬಂತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಅರ್ಧ ನಮ್ಮ ಶಾಲೆಯ ಹಂಚಿನ ಮೇಲೇ ಬೀಳುತ್ತದೇನೋ, ನಾನು ಹೇಳಿದ್ದು ನನಗೇ ಕೇಳಿಸುವುದಿಲ್ಲ. ಒಂದು ಬೆಳಿಗ್ಗೆ ವಾಟ್ಸಾಪಿನಲ್ಲಿ ಮಳೆ ರಜೆ ಅಂತ ಬಂತು. ಅಡುಗೆಮನೆಯಲ್ಲೇ ಕುಣಿದೆ. "ನೀನು ಟೀಚರ್ ಅಲ್ವೇನೇ" ಅಂದಳು ಅಮ್ಮ. ಆ ರಜೆಯನ್ನು ಶನಿವಾರ ಮಧ್ಯಾಹ್ನ ಪಾಠ ಮಾಡಿ ತೀರಿಸಬೇಕು ಅಂತ ಗೊತ್ತಾದ ಮೇಲೆ ಕುಣಿತ ನಿಂತಿತು. ಓದುವಾಗಲೂ ಶನಿವಾರ ಮಧ್ಯಾಹ್ನ ಕೂತಿದ್ದೆವು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ!

ಇಷ್ಟಾದರೂ ಒಂದು ಗುಟ್ಟು ಬಚಾವಾಗಿತ್ತು. ಅದೂ ಪೋಷಕರ ಸಭೆಯ ದಿನ ಹೋಯಿತು. ಎರಡು ಜಡೆಯ ಹುಡುಗಿಯೊಬ್ಬಳ ಕೈ ಹಿಡಿದು ಬಂದ ಅಮ್ಮ ನನ್ನ ಪಕ್ಕದ ಬೆಂಚಿನವಳು. ಬಾಗಿಲಿನಿಂದಲೇ ಕೂಗಿದಳು. "ಏ ಇಂಬ್ಳಾ! ನೀನಾ ಮಾರಾಯ್ತಿ ಇವಳ ಟೀಚರ್ರು?"

ಎಂಟನೇ ಕ್ಲಾಸಿನಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತಾಗ ನನ್ನ ಕಾಲ್ಬೆರಳ ಸಂದಿಗೆ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹತ್ತಿತ್ತು. ಮಲೆನಾಡಿನಲ್ಲಿ ಹುಟ್ಟಿ ಇಂಬಳಕ್ಕೆ ಹೆದರುವವರು ಯಾರೂ ಇಲ್ಲ, ನನ್ನೊಬ್ಬಳನ್ನು ಬಿಟ್ಟು. ನಾಡಗೀತೆ ನಡುವೆ ಕಿರುಚಿ, ಸಾಲು ಮುರಿದು ಓಡಿದ್ದೆ. ಹೆಸರು ಅವತ್ತೇ ಅಂಟಿತು.

ಮರುದಿನ ಒಂಬತ್ತನೇ ಕ್ಲಾಸಿನಲ್ಲಿ ವಲಯವಂತಗಳ, ಅಂದರೆ ಮೈಯೆಲ್ಲ ಉಂಗುರ ಉಂಗುರವಾಗಿರುವ ಹುಳುಗಳ ಪಾಠ. ಮಕ್ಕಳು ಕಣ್ಣಲ್ಲೇ ನಗುತ್ತಿದ್ದವು. ಇವತ್ತು ಇದನ್ನು ಮುಗಿಸಿಯೇ ಬಿಡೋಣ ಅಂತ ಧೈರ್ಯ ಮಾಡಿದೆ. "ಇಂಬಳಕ್ಕೆ ಹೆದರೋದು ಎಂತಕ್ಕೆ? ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರ್ತದೆ, ಹಿರುಡಿನ್ ಥರದ್ದು. ಅದಕ್ಕೇ ಕಿತ್ತ ಮೇಲೂ ರಕ್ತ ಸೋರೋದು. ಕಚ್ಚಿದ್ದು ಗೊತ್ತೇ ಆಗಲ್ಲ."

"ಗೊತ್ತಾಗಲಿಲ್ವಾ ಟೀಚರ್?" ಅಂತ ಕೇಳಿದಳು ಎರಡು ಜಡೆ, ನನ್ನ ಕಾಲು ತೋರಿಸಿ.

ಸೀರೆಯ ಅಂಚು ಕೆಂಪಾಗಿತ್ತು. ಹಿಮ್ಮಡಿಯ ಮೇಲೆ ಕುಡಿದು ಕುಡಿದು ಕಪ್ಪು ದ್ರಾಕ್ಷಿ ಗಾತ್ರ ಆದದ್ದೊಂದು ಆರಾಮಾಗಿ ಕೂತಿತ್ತು. ಕುರ್ಚಿಯ ಮೇಲೆ ಯಾವಾಗ ಹತ್ತಿದೆನೋ ತಿಳಿಯದು. "ತೆಗೀರೋ, ಯಾರಾದ್ರೂ ತೆಗೀರೋ!" ಹಿಂದಿನ ಬೆಂಚಿನ ಹುಡುಗ ನಿಧಾನಕ್ಕೆ ಎದ್ದು ಬಂದ. ಅಮಟೆಕಾಯಿಗೆಂದು ಕಟ್ಟಿಕೊಂಡ ಉಪ್ಪಿನ ಪೊಟ್ಟಣವನ್ನು ಜೇಬಿನಿಂದ ತೆಗೆದು ಸುರಿದ. ಇಂಬಳ ಮುದುಡಿ ಉದುರಿತು. ನಾನು ಎರಡನೇ ಸಲ ಕಿರುಚಿದೆ. ಉಪ್ಪಿನ ಜೊತೆ ಖಾರದ ಪುಡಿಯೂ ಇತ್ತು.

ಗಲಾಟೆಗೆ ಎಚ್‌ಎಂ ಓಡಿ ಬಂದರು. ಕುರ್ಚಿ ಮೇಲೆ ನಿಂತ ನನ್ನನ್ನು ನೋಡಿ, "ಇಳಿಯೇ ಕೆಳಗೆ" ಅಂದರು. ಬಹುವಚನ ಆಮೇಲೂ ಬರಲಿಲ್ಲ.

ಮುಂದಿನ ವಾರ ಕಿರುಪರೀಕ್ಷೆ ಕೊಟ್ಟೆ. 'ವಲಯವಂತ ಪ್ರಾಣಿಗೆ ಒಂದು ಉದಾಹರಣೆ ಬರೆಯಿರಿ' ಅನ್ನೋದು ಮೊದಲ ಪ್ರಶ್ನೆ. ಎರೆಹುಳು ಅಂತ ಎಷ್ಟು ಸಲ ಹೇಳಿಕೊಟ್ಟಿದ್ದೆ! ಇಪ್ಪತ್ತಾರು ಮಕ್ಕಳಲ್ಲಿ ಇಪ್ಪತ್ತಾರೂ ಇಂಬಳ ಅಂತಲೇ ಬರೆದಿದ್ದಾವೆ. ಎರಡು ಜಡೆಯವಳಂತೂ ಚಿತ್ರ ಬರೆದು, ಅದಕ್ಕೆ ಸೀರೆ ಉಡಿಸಿದ್ದಾಳೆ. ಅರ್ಧ ಮಾರ್ಕೂ ಕಟ್ ಮಾಡುವ ಹಾಗಿಲ್ಲ. ಉತ್ತರ ಸರಿಯಾಗಿದೆ.