ಮನೆಯ ಡಿವಿಡಿ: ಪೂರ್ತಿ ನಕಲೋ, ಕುಗ್ಗಿಸಿದ ನಕಲೋ?

ಬಳ್ಳಾರಿ, ರಾಯಚೂರು, ಕೊಪ್ಪಳದ ಎಷ್ಟೋ ಮನೆಗಳ ಬೀರುವಿನಲ್ಲಿ ಮದುವೆ, ಜಾತ್ರೆ, ಬಯಲಾಟದ ಡಿವಿಡಿಗಳು ಇನ್ನೂ ಬಿದ್ದಿವೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅವನ್ನು ಹಾಕುವ ಡ್ರೈವೇ ಇರುವುದಿಲ್ಲ. ನಕಲು ಮಾಡಿಡಬೇಕು ಅನ್ನುವುದರಲ್ಲಿ ಜಗಳವಿಲ್ಲ. ಒಂದು ಚೂರೂ ಬಿಡದೆ ಪೂರ್ತಿ ನಕಲು ಮಾಡಬೇಕೋ, ಕುಗ್ಗಿಸಿ ಸಣ್ಣ ಎಂಪಿ4 ವಿಡಿಯೋ ಫೈಲ್ ಮಾಡಿಕೊಂಡರೆ ಸಾಕೋ? ಜಗಳ ಇರುವುದು ಅಲ್ಲಿ.

ಪರ: ಇದ್ದದ್ದು ಇದ್ದ ಹಾಗೇ ಇರಲಿ

ಕುಗ್ಗಿಸಿದ ವಿಡಿಯೋವನ್ನು ಮತ್ತೆ ಹಿಗ್ಗಿಸಲು ಬರುವುದಿಲ್ಲ. ನನ್ನ ವಾದ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಬಯಲಾಟದ ಡಿವಿಡಿಯನ್ನೇ ತಗೊಳ್ಳಿ. ರಾತ್ರಿಯಿಡೀ ಹಾಲೋಜನ್ ದೀಪದ ಕೆಳಗೆ ಶೂಟಿಂಗ್ ಆಗಿರುತ್ತದೆ. ಬೆಳಕು ಕಡಿಮೆ, ಹಾಗಾಗಿ ಚಿತ್ರದ ತುಂಬ ಕಾಳು ಕಾಳು. ಪಾತ್ರಧಾರಿ ಗಿರಕಿ ಹೊಡೆಯುತ್ತಾನೆ, ಭುಜಕೀರ್ತಿಯ ಕನ್ನಡಿ ಚೂರುಗಳು ಫಳ್ ಅನ್ನುತ್ತವೆ. ವಿಡಿಯೋ ಕುಗ್ಗಿಸುವ ತಂತ್ರಾಂಶಕ್ಕೆ ಕಷ್ಟವಾಗುವುದೇ ಇಂಥ ಕಡೆ. ಅದು ಆ ಕಾಳನ್ನೂ ಮುಖದ ಬಣ್ಣಗಾರಿಕೆಯ ಗೆರೆಯನ್ನೂ ಒಟ್ಟಿಗೇ ಒರೆಸಿ ನುಣ್ಣಗೆ ಮಾಡುತ್ತದೆ. ನೋಡಲು ಚಂದ ಅನ್ನಿಸಬಹುದು. ಆದರೆ ಗೆರೆ ಹೋಯಿತಲ್ವಾ?

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಮ್ಮ ಕಡೆಯ ಡಿವಿಡಿಗಳು ಪಾಲ್ ಎಂಬ ಟಿವಿ ಪದ್ಧತಿಯವು: ಚಿತ್ರದ ಅಳತೆ 720 ಗುಣಿಸು 576 ಚುಕ್ಕಿ, ಸೆಕೆಂಡಿಗೆ 25 ಚಿತ್ರ. ಕ್ಯಾಮೆರಾದಲ್ಲಿ ತೆಗೆದ ವಿಡಿಯೋ ಆದರೆ ಆ ಒಂದೊಂದು ಚಿತ್ರದಲ್ಲೂ ಬೇರೆ ಬೇರೆ ಕ್ಷಣದ ಎರಡು ಅರ್ಧಗಳು ಇರುತ್ತವೆ, ಒಂದು ಸಾಲು ಬಿಟ್ಟು ಒಂದು ಸಾಲು. ಅಂದರೆ ಸೆಕೆಂಡಿಗೆ 50 ಚಲನೆ. ಎಂಪಿ4 ಮಾಡುವಾಗ ಸುಮ್ನೆ ಬಟನ್ ಒತ್ತಿದರೆ ಸಾಮಾನ್ಯವಾಗಿ ಇವನ್ನು ಬೆರೆಸಿ 25ಕ್ಕೆ ಇಳಿಸುತ್ತಾರೆ. ಕುಣಿತದ ಅರ್ಧ ಅಲ್ಲೇ ಮಾಯ.

ಪೂರ್ತಿ ನಕಲು ಅಂದರೆ ಡಿಸ್ಕ್‌ನಲ್ಲಿ ಇರುವುದನ್ನೆಲ್ಲ ಇದ್ದ ಹಾಗೇ ಒಂದೇ ಫೈಲಿಗೆ ಇಳಿಸಿದ ಐಎಸ್‌ಒ ಫೈಲ್. ಡಿಸ್ಕ್‌ನೊಳಗಿನ ವಿಡಿಯೋ_ಟಿಎಸ್ ಫೋಲ್ಡರ್‌ನಿಂದ ವಿಡಿಯೋ ಇರುವ ದೊಡ್ಡ ವಿಒಬಿ ಫೈಲುಗಳನ್ನು ಮಾತ್ರ ಎಳೆದು ತಂದರೆ ಸಾಲದು. ಒಂದು ಜಿಬಿ ಆಗುತ್ತಲೇ ಅವು ತುಂಡಾಗಿರುತ್ತವೆ. ಯಾವ ತುಂಡು ಎಲ್ಲಿ, ಮೆನು ಎಲ್ಲಿ ಅನ್ನುವುದು ಪಕ್ಕದ ಸಣ್ಣ ಐಎಫ್‌ಒ ಫೈಲಿನಲ್ಲಿದೆ. ಅದು ಕೆಟ್ಟರೆ ಇರಲಿ ಎಂದು ಡಿವಿಡಿ ಪದ್ಧತಿ ರೂಪಿಸಿದವರೇ ಬಿಯುಪಿ ಎಂಬ ಬದಲಿ ಪ್ರತಿಯನ್ನೂ ಇಟ್ಟಿದ್ದಾರೆ. ಅವರಿಗಿದ್ದ ಎಚ್ಚರ ನಮಗೆ ಬೇಡವೇ?

ಗೀರು ಬಿದ್ದ ಡಿಸ್ಕ್‌ಗೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಒಳ್ಳೆಯದು. ಮೊದಲು ಸಲೀಸಾಗಿ ಸಿಗುವ ಭಾಗವನ್ನೆಲ್ಲ ಓದಿಕೊಳ್ಳುತ್ತದೆ, ಆಮೇಲೆ ಕೆಟ್ಟ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಒಂದು ನಕ್ಷೆ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಮೊದಲಿಂದ ಶುರು ಮಾಡಬೇಕಿಲ್ಲ. ನಮ್ಮೂರುಗಳಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು!

ತಡ ಮಾಡುವಂತಿಲ್ಲ. ಸ್ಟುಡಿಯೋದವರು ಬರೆದುಕೊಟ್ಟ ಡಿವಿಡಿ-ಆರ್‌ನಲ್ಲಿ ಮಾಹಿತಿ ಕೂತಿರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಶಾಖ ಎರಡೂ ಅದಕ್ಕೆ ಆಗುವುದಿಲ್ಲ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯ ಅಟ್ಟದ ಕಥೆ ಹೇಳುವುದೇ ಬೇಡ. ಒಂದು ಪದರದ ಡಿಸ್ಕ್ 4.7 ಜಿಬಿ. ಒಂದು ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ ಇನ್ನೂರಕ್ಕೂ ಜಾಸ್ತಿ ಹಿಡಿಯುತ್ತವೆ. ಜಾಗ ಇಲ್ಲ ಅನ್ನುವ ಮಾತು ಈಗ ನಡೆಯುವುದಿಲ್ಲ.

ವಿರೋಧ: ಯಾರೂ ನೋಡದ ನಕಲು ಯಾರಿಗೆ?

ಗುಣಮಟ್ಟ ಕಳೆಯಬಾರದು ಅನ್ನುವವರಿಗೆ ನನ್ನದೊಂದು ಪ್ರಶ್ನೆ: ಯಾವ ಗುಣಮಟ್ಟ? ಆಗಿನ ಕ್ಯಾಮೆರಾಗಳ ಮಿನಿ ಡಿವಿ ಟೇಪಿನಲ್ಲಿ ವಿಡಿಯೋ ಸೆಕೆಂಡಿಗೆ 25 ಮೆಗಾಬಿಟ್‌ನಂತೆ ದಾಖಲಾಗುತ್ತಿತ್ತು. ಎರಡು ಗಂಟೆಯದನ್ನು 4.7 ಜಿಬಿ ಡಿಸ್ಕ್‌ಗೆ ಇಳಿಸಿದರೆ ಸಿಗುವುದು ಸರಾಸರಿ ಐದು ಮೆಗಾಬಿಟ್. ಮೂರು ಗಂಟೆ ತುರುಕಿದ ಡಿಸ್ಕ್‌ಗಳಲ್ಲಿ ಇನ್ನೂ ಕಡಿಮೆ, ಮೂರೂವರೆ. ಟೇಪಿನ ಮೇಲೆ ಇನ್ನೊಂದು ಮದುವೆ ರೆಕಾರ್ಡ್ ಆಗಿ ಎಷ್ಟೋ ಕಾಲವಾಗಿರುತ್ತದೆ. ಡಿವಿಡಿಯೇ ಕುಗ್ಗಿದ ನಕಲು. ಅದನ್ನು ಮೂಲ ಎಂದು ಪೂಜೆ ಮಾಡುವುದು ನನಗೆ ಸ್ವಲ್ಪ ಅತಿ ಅನ್ನಿಸುತ್ತದೆ.

ಕುಣಿತದ ಮಾತು ಸರಿ, ಒಪ್ಪುತ್ತೇನೆ. ಆದರೆ ಅದು ಅವಸರದ ತಪ್ಪು, ಕುಗ್ಗಿಸುವುದರ ತಪ್ಪಲ್ಲ. ವಿಡಿಯೋ ಕುಗ್ಗಿಸುವ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ, ಆ ಎರಡು ಅರ್ಧಗಳನ್ನು ಬೇರೆ ಬೇರೆ ಚಿತ್ರವಾಗಿ ಮಾಡುವ ಬಾಬ್ ಎಂಬ ಆಯ್ಕೆ ಇದೆ. ಅದನ್ನು ಹಾಕಿ, ಫ್ರೇಮ್ ರೇಟ್ 50 ಇಟ್ಟರೆ ಆ ಐವತ್ತೂ ಚಲನೆ ಉಳಿಯುತ್ತವೆ. ಅದರಲ್ಲಿರುವ ಗುಣಮಟ್ಟದ ಸಂಖ್ಯೆಯನ್ನು (ಕಡಿಮೆ ಇದ್ದಷ್ಟೂ ಚಿತ್ರ ಚೊಕ್ಕ) 18ರ ಹತ್ತಿರ ಇಡಿ. ಮನೆಯ ಟಿವಿಯಲ್ಲಿ ಎರಡನ್ನೂ ಹಾಕಿ ಯಾವುದು ಯಾವುದೆಂದು ಹೇಳಿ ನೋಡೋಣ. ಕಾಳು ಕಾಳಾದ ರಾತ್ರಿ ದೃಶ್ಯಕ್ಕೆ ಫೈಲು ದೊಡ್ಡದಾಗುತ್ತದೆ, ಆಗಲಿ ಬಿಡಿ.

ನಿಜವಾದ ತೊಂದರೆ ಬೇರೆ. ಗಂಗಾವತಿಯಲ್ಲಿರುವ ಅತ್ತೆಗೆ ಮಗಳ ಮದುವೆ ನೋಡಬೇಕು. ಅವರಿಗೆ ಐಎಸ್‌ಒ ಕಳಿಸಿದರೆ ಫೋನಿನಲ್ಲಿ ಒತ್ತಿ ಒತ್ತಿ ಸುಸ್ತಾಗುತ್ತಾರೆ. ಪೆನ್‌ಡ್ರೈವ್‌ಗೆ ಹಾಕೋಣ ಅಂದರೆ ಹಳೆಯ ಟಿವಿಗಳು ಓದುವುದು ಹೆಚ್ಚಾಗಿ ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್, ಅದರಲ್ಲಿ ಒಂದು ಫೈಲು ನಾಲ್ಕು ಜಿಬಿ ದಾಟುವಂತಿಲ್ಲ. ತುಂಬಿದ ಡಿವಿಡಿಯ ಐಎಸ್‌ಒ ಅಲ್ಲಿ ಕೂರುವುದೇ ಇಲ್ಲ. ಹೀಗೆ ಆ ಪೂರ್ತಿ ನಕಲು ಮನೆಯ ಕಂಪ್ಯೂಟರ್ ಬಲ್ಲ ಒಬ್ಬ ಹುಡುಗನ ಹತ್ತಿರವೇ ಉಳಿದುಬಿಡುತ್ತದೆ. ಅವನು ಬೆಂಗಳೂರಿಗೆ ಹೋದರೆ ಕೇಳುವುದೇ ಬೇಡ.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳಿಗೂ ಇದೇ ಹಟ ಹಿಡಿಯುವವರಿದ್ದಾರೆ. ಅವುಗಳಲ್ಲಿ ಬಹಳಷ್ಟಕ್ಕೆ ನಕಲು ತಡೆಯುವ ಸಿಎಸ್‌ಎಸ್ ಎಂಬ ಡಿಜಿಟಲ್ ಬೀಗ ಇರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲಾಗಬಹುದು. ಕಂಪ್ಯೂಟರ್ ಪ್ರೋಗ್ರಾಂಗೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು ಎಂದು ಕಾಯ್ದೆ ಬಾಯಿಬಿಟ್ಟು ಹೇಳಿದೆ, ಸಿನಿಮಾಕ್ಕೆ ಹಾಗೆ ಹೇಳಿಲ್ಲ. ಸಿನಿಮಾ ಬೇಕಾದರೆ ಇನ್ನೊಂದು ಕಡೆ ಸಿಗುತ್ತದೆ, ಬಿಟ್ಟುಬಿಡಿ.

ಇನ್ನು ಆ ಒಂದು ಟಿಬಿ ಲೆಕ್ಕ. ಇನ್ನೂರು ಡಿಸ್ಕ್ ಒಂದೇ ಹಾರ್ಡ್‌ಡಿಸ್ಕ್‌ನಲ್ಲಿ ಹಿಡಿಯುತ್ತವೆ, ನಿಜ. ಅದು ಕೈಜಾರಿ ಬಿದ್ದ ದಿನ ಇನ್ನೂರೂ ಒಟ್ಟಿಗೇ ಹೋಗುತ್ತವೆ. ಡಿಸ್ಕ್ ಆದರೆ ಒಂದೊಂದಾಗಿ ಕೆಡುತ್ತಿತ್ತು. ಕುಗ್ಗಿದ ಎಂಪಿ4 ಆದರೆ ಅದೇ ದುಡ್ಡಿನಲ್ಲಿ ಚಿಕ್ಕ ಡ್ರೈವ್ ಎರಡು ಕೊಳ್ಳಬಹುದು: ಒಂದು ಬಳ್ಳಾರಿಯ ಮನೆಯಲ್ಲಿ, ಇನ್ನೊಂದು ಸಿಂಧನೂರಿನ ತಮ್ಮನ ಮನೆಯಲ್ಲಿ.